‘ಚೆನ್ನಾಗಿದೆ’ ಎಂದವರ ಬೆರಳು ಬೆವರಿದ್ದರೆ ಯಾವುದನ್ನು ನಂಬಬೇಕು?

ಪ್ರಶ್ನೆ: ನಾನು ಜಯನಗರದ ಒಂದು ಸಣ್ಣ ತಂತ್ರಾಂಶ ಸಂಸ್ಥೆಯಲ್ಲಿ ವಿನ್ಯಾಸಕಿ. ಹಿರಿಯ ನಾಗರಿಕರು ಮನೆಯಿಂದಲೇ ಬಿಲ್ಲು ಕಟ್ಟಲು, ವೈದ್ಯರನ್ನು ಕಾಣುವ ಸಮಯ ಗೊತ್ತುಮಾಡಿಕೊಳ್ಳಲು ನೆರವಾಗುವ ಕನ್ನಡ ಆ್ಯಪ್ ಒಂದನ್ನು ರೂಪಿಸುತ್ತಿದ್ದೇವೆ. ಪರೀಕ್ಷೆಗೆ ಕರೆದ ಹಿರಿಯರು ಬಳಸುವಾಗ ತಡವರಿಸುತ್ತಾರೆ. ಕೊನೆಗೆ ಕೇಳಿದರೆ ‘ಚೆನ್ನಾಗಿದೆ ಕಣಮ್ಮ’ ಎನ್ನುತ್ತಾರೆ. ಬಾಯಿ ಸುಳ್ಳು ಹೇಳಬಹುದು, ಮೈ ಹೇಳುವುದಿಲ್ಲ, ಆದ್ದರಿಂದ ಒತ್ತಡ ಅಳೆಯುವ ಕೈಪಟ್ಟಿಗಳನ್ನು ಕೊಳ್ಳೋಣ ಎಂಬುದು ನಮ್ಮ ಮುಖ್ಯಸ್ಥರ ಅಭಿಪ್ರಾಯ. ಇದು ಸರಿಯೇ? ಯಾವ ಅಳತೆ ಯಾವುದಕ್ಕೆ ಉಪಯೋಗ?

ಉತ್ತರ: ನಿಮ್ಮ ಮುಖ್ಯಸ್ಥರ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಈ ಕ್ಷೇತ್ರದಲ್ಲಿ ಹಣವೂ ಸಮಯವೂ ಪೋಲಾಗುವುದನ್ನು ನಾನು ಕಂಡಿರುವುದು ಬಹುಮಟ್ಟಿಗೆ ಆ ನಂಬಿಕೆಯಿಂದಲೇ. ಮೈ ಸುಳ್ಳು ಹೇಳುವುದಿಲ್ಲ ಎಂಬುದು ನಿಜವಾದರೂ ಅದು ಹೇಳುವುದು ತೀರ ಸ್ವಲ್ಪ. ಯಾವ ಕ್ಷಣದಲ್ಲಿ ಏನೋ ಆಯಿತು, ಎಷ್ಟು ಜೋರಾಗಿ ಆಯಿತು ಎಂಬಷ್ಟನ್ನು ತೋರಿಸಿ ಅದು ಸುಮ್ಮನಾಗುತ್ತದೆ. ಏನಾಯಿತು, ಏಕಾಯಿತು ಎಂದು ತಿಳಿಯಬೇಕಾದರೆ ಆ ವ್ಯಕ್ತಿಯ ಮಾತಿಗೇ ಮರಳಬೇಕು. ಆದ್ದರಿಂದ ಮಾತನ್ನು ಬಿಟ್ಟು ಮೈಯನ್ನು ನಂಬುವುದಕ್ಕಾಗಿ ಉಪಕರಣ ಕೊಳ್ಳುವುದಾದರೆ ನನ್ನ ಉತ್ತರ ‘ಬೇಡ’. ಸರಿಯಾದ ಕ್ಷಣವನ್ನು ಗುರುತಿಸಿ, ಆ ಕ್ಷಣದ ಬಗ್ಗೆ ಮಾತನಾಡಿಸುವುದಕ್ಕಾದರೆ ಯೋಚಿಸಬಹುದು.

ಚರ್ಮದ ವಿದ್ಯುತ್ ವಾಹಕತೆಯಿಂದ ಆರಂಭಿಸೋಣ. ನಿಮ್ಮ ಬಗೆಯ ಕೆಲಸಕ್ಕೆ ಎಲ್ಲಕ್ಕಿಂತ ಹತ್ತಿರದ್ದು ಇದೇ. ಅಂಗೈ ಮತ್ತು ಬೆರಳುಗಳ ಬೆವರು ಗ್ರಂಥಿಗಳು ಸೆಕೆಗಿಂತ ಹೆಚ್ಚಾಗಿ ಮನಸ್ಸಿನ ಎಚ್ಚರಕ್ಕೆ ಸ್ಪಂದಿಸುತ್ತವೆ, ಮತ್ತು ಅವುಗಳನ್ನು ನಡೆಸುವುದು ನಮ್ಮ ಇಚ್ಛೆಗೆ ಒಳಪಡದ ಸಿಂಪಥೆಟಿಕ್ ನರಮಂಡಲ. ಗ್ರಂಥಿಯ ನಾಳದಲ್ಲಿ ಬೆವರು ಏರಿದಂತೆ ಚರ್ಮದ ಮೂಲಕ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಎರಡು ಬೆರಳುಗಳಿಗೆ ಎಲೆಕ್ಟ್ರೋಡ್ ಅಂಟಿಸಿ, ಅರಿವಿಗೇ ಬಾರದಂತೆ ಅರ್ಧ ವೋಲ್ಟ್‌ನಷ್ಟು ಹಾಯಿಸಿ, ಆ ಹರಿವನ್ನು ಮೈಕ್ರೋಸೀಮೆನ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಫ್ರಾನ್ಸಿನ ಷಾರ್ಲ್ ಫೆರೆ ಭಾವನೆಗೂ ಚರ್ಮದ ವಿದ್ಯುತ್ತಿಗೂ ಇರುವ ನಂಟನ್ನು 1888ರಲ್ಲೇ ವರದಿ ಮಾಡಿದ್ದರು. ವಿಧಾನ ಹೊಸದಲ್ಲ, ಅದನ್ನು ಆ್ಯಪ್‌ಗೆ ಅನ್ವಯಿಸುವುದಷ್ಟೇ ಹೊಸದು. ಈ ಅಳತೆ ಪರದೆಯ ಮೇಲೆ ಒಂದು ಗೆರೆಯಾಗಿ ಮೂಡುತ್ತದೆ. ಆ ಗೆರೆಯಲ್ಲಿ ಎರಡು ಸಂಗತಿಗಳು ಬೆರೆತಿರುತ್ತವೆ: ನಿಮಿಷಗಳುದ್ದಕ್ಕೂ ನಿಧಾನವಾಗಿ ಏರಿಳಿಯುವ ತಳಮಟ್ಟ ಒಂದು, ಯಾವುದಾದರೂ ಘಟನೆಯಾದ ಒಂದರಿಂದ ಮೂರು ಸೆಕೆಂಡುಗಳ ಬಳಿಕ ತಟ್ಟನೆ ಎದ್ದು ಇಳಿಯುವ ಏರು ಇನ್ನೊಂದು. ಆ್ಯಪ್‌ನ ಪುಟಗಳನ್ನು ಪರೀಕ್ಷಿಸುವವರಿಗೆ ಬೇಕಾದದ್ದು ಈ ಎರಡನೆಯದು.

ಇದು ಎಷ್ಟರಮಟ್ಟಿಗೆ ನೆರವಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ನಮ್ಮ ಪ್ರಯೋಗ ಕೊಠಡಿಯ ಒಂದು ಬೆಳಗಿನ ಉದಾಹರಣೆಯಿಂದ ಹೇಳುತ್ತೇನೆ. ಹಣ ಪಾವತಿಯ ಆ್ಯಪ್ ಒಂದರ ಪರೀಕ್ಷೆಗೆ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಬಂದಿದ್ದರು. ಅವರ ಎಡಗೈಯ ತೋರುಬೆರಳಿಗೂ ನಡುಬೆರಳಿಗೂ ಎಲೆಕ್ಟ್ರೋಡ್ ಅಂಟಿಸಿದ್ದೆವು. ತಂತಿಗೆ ತಾಗದಂತೆ ಗಾಜಿನ ಬಳೆಗಳನ್ನು ಅವರೇ ಮೇಲಕ್ಕೆ ಸರಿಸಿಕೊಂಡು, ಮಡಿಸಿದ ಟವೆಲ್ಲಿನ ಮೇಲೆ ಆ ಕೈಯನ್ನು ಊರಿಕೊಂಡು, ಸ್ಟ್ಯಾಂಡಿನಲ್ಲಿದ್ದ ಫೋನನ್ನು ಬಲಗೈಯಿಂದ ಒತ್ತುತ್ತಿದ್ದರು. ಒಟಿಪಿ ಪುಟದಲ್ಲಿ ಮುಕ್ಕಾಲು ನಿಮಿಷ ಒದ್ದಾಡಿದರು: ಸಂದೇಶ ತೆರೆದು ಓದಿ ಆ್ಯಪ್‌ಗೆ ಮರಳುವಷ್ಟರಲ್ಲಿ ಸಂಖ್ಯೆಯ ಕೊನೆಯ ಅಂಕಿಗಳು ಮರೆತುಹೋಗುತ್ತಿದ್ದವು. ಗೆರೆ ಅಲ್ಲೇ ಏರುತ್ತದೆ ಎಂದು ನಾವು ಕಾದಿದ್ದೆವು. ಅದು ಹೆಚ್ಚುಕಡಿಮೆ ಸಮತಟ್ಟಾಗಿಯೇ ಸಾಗಿತು. ಬಳಿಕ ಹಣ ಕಟ್ಟುವ ಗುಂಡಿ ಒತ್ತಿದರು. ಪರದೆಯ ಮೇಲೆ ‘ಪ್ರಕ್ರಿಯೆಯಲ್ಲಿದೆ’ ಎಂಬ ಒಂದು ಪದ, ಸುತ್ತುತ್ತಿರುವ ಚಕ್ರ, ಎಂಟೊಂಬತ್ತು ಸೆಕೆಂಡು. ಅವರು ಅಲುಗಾಡಲಿಲ್ಲ, ಮಾತಾಡಲಿಲ್ಲ, ಮುಖದಲ್ಲೂ ಏನೂ ಕಾಣಲಿಲ್ಲ. ಗೆರೆ ಮಾತ್ರ ಒಂದರ ಹಿಂದೊಂದರಂತೆ ಮೂರು ಸಲ ಎದ್ದಿತು.

ಪ್ರಶ್ನಾವಳಿಯಲ್ಲಿ ಅವರು ಆ್ಯಪ್‌ಗೆ ಒಳ್ಳೆಯ ಅಂಕವನ್ನೇ ಕೊಟ್ಟರು. ಅನಂತರ ಅವರದೇ ಪರದೆಯ ವೀಡಿಯೋವನ್ನು ಆ ಜಾಗದಲ್ಲಿ ನಿಲ್ಲಿಸಿ, ‘ಇಲ್ಲಿ ಏನನ್ನಿಸಿತು, ಮೇಡಂ?’ ಎಂದು ಕೇಳಿದೆ. ‘ಒಟಿಪಿ ದಿನಾ ಇರೋದೇ, ನಿಧಾನಕ್ಕೆ ಹಾಕ್ತೀನಿ. ಇಲ್ಲಿ ಮಾತ್ರ ದುಡ್ಡು ಹೋಯ್ತೋ, ಎರಡು ಸಲ ಹೋಯ್ತೋ ಅಂತ ಎದೆ ಧಸಕ್ ಅಂತು’ ಎಂದರು. ಹಾಗಾದರೆ ಪ್ರಶ್ನಾವಳಿಯಲ್ಲಿ ಏಕೆ ಬರೆಯಲಿಲ್ಲ ಎಂದದ್ದಕ್ಕೆ ಅವರ ಉತ್ತರ: ‘ಕೊನೆಗೆ ಸರಿಹೋಯ್ತಲ್ಲ.’

ಆ ದಿನ ಗಡಿಯಾರ ಹಿಡಿದು ಸಮಯ ಮಾತ್ರ ಅಳೆದಿದ್ದರೆ ಒಟಿಪಿ ಪುಟವನ್ನಷ್ಟೇ ತಿದ್ದುತ್ತಿದ್ದೆವು. ಪ್ರಶ್ನಾವಳಿಯನ್ನು ಮಾತ್ರ ನೋಡಿದ್ದರೆ ಏನನ್ನೂ ತಿದ್ದುತ್ತಿರಲಿಲ್ಲ. ಗೆರೆಯನ್ನು ಮಾತ್ರ ನಂಬಿದ್ದರೆ ಇನ್ನೂ ದೊಡ್ಡ ತಪ್ಪಾಗುತ್ತಿತ್ತು, ಏಕೆಂದರೆ ಆ ಬೆಳಗಿನ ಅತಿ ಎತ್ತರದ ಏರು ಬಂದದ್ದು ಹೊರಗಿನ ಓಣಿಯಲ್ಲಿ ಯಾರೋ ಸ್ಟೀಲ್ ಲೋಟ ಬೀಳಿಸಿದಾಗ. ಕೆಮ್ಮು, ಸೀನು, ಒಂದು ದೀರ್ಘ ಉಸಿರು, ಇವೆಲ್ಲವೂ ಅದೇ ಆಕಾರದ ಏರನ್ನು ಮೂಡಿಸುತ್ತವೆ. ಮೊಮ್ಮಗುವಿನ ಫೋಟೋ ಕಂಡ ಸಂತೋಷವೂ ಖಾತೆಯಿಂದ ಹಣ ಕಡಿತವಾದ ಗಾಬರಿಯೂ ಬೆರಳಿನ ಬೆವರಿನಲ್ಲಿ ಬೇರೆ ಬೇರೆಯಾಗಿ ಕಾಣುವುದಿಲ್ಲ. ಹಿತವೋ ಅಹಿತವೋ ಎಂಬುದನ್ನು ಹುಬ್ಬು ಗಂಟಿಕ್ಕುವ ಮತ್ತು ತುಟಿಯಂಚನ್ನು ಎಳೆಯುವ ಸ್ನಾಯುಗಳ ವಿದ್ಯುತ್ ಅಳೆದು ಸ್ವಲ್ಪಮಟ್ಟಿಗೆ ಊಹಿಸಬಹುದು. ಆದರೆ ಮುಖಕ್ಕೆ ತಂತಿ ಅಂಟಿಸಿಕೊಂಡ ಹಿರಿಯರು ಎಂದಿನಂತೆ ಆ್ಯಪ್ ಬಳಸುತ್ತಾರೆ ಎಂದು ನಾನು ನಂಬಲಾರೆ.

‘ಕೊನೆಗೆ ಸರಿಹೋಯ್ತಲ್ಲ’ ಎಂಬ ಮಾತಿನಲ್ಲಿ ನಿಮ್ಮ ಪ್ರಶ್ನೆಯ ತಿರುಳಿದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಜನರು ಒಮ್ಮೆ 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಟ್ಟರು. ಮತ್ತೊಮ್ಮೆ ಅದೇ 60 ಸೆಕೆಂಡಿನ ಮೇಲೆ ಇನ್ನೂ 30 ಸೆಕೆಂಡು ಇಟ್ಟರು, ಆ ಹೊತ್ತಿನಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಲಾಯಿತು. ಯಾವುದನ್ನು ಪುನಃ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಆರಿಸಿಕೊಂಡದ್ದು ದೀರ್ಘವಾದದ್ದನ್ನೇ. ಒಟ್ಟು ನೋವು ಅದರಲ್ಲೇ ಹೆಚ್ಚಿದ್ದರೂ ಅದು ಮುಗಿದ ಬಗೆ ಸ್ವಲ್ಪ ಹಿತವಾಗಿತ್ತು. ಅನುಭವಿಸುವ ಕ್ಷಣ ಬೇರೆ, ಅನುಭವದ ನೆನಪು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ. ನಿಮ್ಮ ಪ್ರಶ್ನಾವಳಿ ಅಳೆಯುತ್ತಿರುವುದು ನೆನಪನ್ನು. ಬೆರಳಿನ ಎಲೆಕ್ಟ್ರೋಡ್ ಅಳೆಯುವುದು ಕ್ಷಣವನ್ನು. ಎರಡೂ ಹೊಂದದಿದ್ದಾಗ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ತೀರ್ಮಾನಿಸಬಾರದು. ಹಿರಿಯರು ಆ್ಯಪನ್ನು ಮತ್ತೆ ತೆರೆಯುವರೋ ಇಲ್ಲವೋ ಎಂಬುದನ್ನು ನೆನಪು ನಿರ್ಧರಿಸುತ್ತದೆ, ಆದ್ದರಿಂದ ಪ್ರಶ್ನಾವಳಿಯನ್ನು ಕೈಬಿಡಬೇಡಿ. ಎದೆ ಧಸಕ್ಕೆಂದ ಜಾಗವನ್ನು ತಿದ್ದಬೇಕಾದವರು ನೀವು, ಅದಕ್ಕೆ ಕ್ಷಣದ ಅಳತೆ ಬೇಕು.

ನಮ್ಮ ಊರಿನ ಸೌಜನ್ಯವನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಕರೆದು ಕೂರಿಸಿ ಉಪಚರಿಸಿದ ಹುಡುಗಿಯ ಮುಂದೆ ಅವಳ ಕೆಲಸ ಚೆನ್ನಾಗಿಲ್ಲ ಎನ್ನಲು ಹಿರಿಯರಿಗೆ ಮನಸ್ಸು ಬಾರದು. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬುದಲ್ಲದೆ ಬೇರೆ ಉತ್ತರ ಸಿಗುವುದಿಲ್ಲ. ‘ಈ ಪುಟದಲ್ಲಿ ಬೆರಳು ನಿಂತಿತಲ್ಲ, ಆಗ ಏನು ಯೋಚಿಸುತ್ತಿದ್ದಿರಿ?’ ಎಂದು ಕೇಳಿದರೆ ಹೊಗಳುವ ಅಥವಾ ತೆಗಳುವ ಪ್ರಶ್ನೆಯೇ ಏಳುವುದಿಲ್ಲ. ಅವರು ನಡೆದದ್ದನ್ನು ಹೇಳುತ್ತಾರೆ. ನನ್ನ ಅನುಭವದಲ್ಲಿ ಉಪಕರಣದಿಂದ ಆಗುವ ದೊಡ್ಡ ಉಪಕಾರ ಇದೇ, ಇಂಥ ಪ್ರಶ್ನೆಯನ್ನು ಎಲ್ಲಿ ಕೇಳಬೇಕೆಂದು ಅದು ತೋರಿಸಿಕೊಡುತ್ತದೆ.

ಇನ್ನು ಹೃದಯ ಬಡಿತ. ಕೈಪಟ್ಟಿಗಳು ಮಾರಾಟವಾಗುವುದು ಮುಖ್ಯವಾಗಿ ಇದರ ಹೆಸರಿನಲ್ಲಿ. ಬಡಿತದಿಂದ ಬಡಿತಕ್ಕೆ ಇರುವ ಅಂತರ ಆರೋಗ್ಯವಂತರಲ್ಲಿ ಎಂದೂ ಒಂದೇ ಸಮನಾಗಿರುವುದಿಲ್ಲ. ಉಸಿರು ಒಳಗೆಳೆದಾಗ ಬಡಿತ ಚುರುಕಾಗಿ, ಬಿಟ್ಟಾಗ ನಿಧಾನವಾಗುತ್ತದೆ. ಈ ವ್ಯತ್ಯಾಸವನ್ನು ಎಚ್‌ಆರ್‌ವಿ ಎನ್ನುತ್ತಾರೆ, ಮಾನಸಿಕ ಹೊರೆ ಹೆಚ್ಚಿದಾಗ ಅದು ಸಾಮಾನ್ಯವಾಗಿ ಕುಗ್ಗುತ್ತದೆ. ಆದರೆ ಯುರೋಪು ಮತ್ತು ಉತ್ತರ ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಕೂಡಿ 1996ರಲ್ಲಿ ಹೊರತಂದ ಮಾನದಂಡದ ಪ್ರಕಾರ ಅಲ್ಪಾವಧಿಯ ಅಳತೆಗೆ 5 ನಿಮಿಷಗಳ ದಾಖಲೆ ಬೇಕು. ನಿಮ್ಮ ಆ್ಯಪ್‌ನ ಒಂದು ಪುಟ 10 ಸೆಕೆಂಡಿನಲ್ಲಿ ಮುಗಿಯುತ್ತದೆ. 5 ನಿಮಿಷಗಳ ಸರಾಸರಿಯಲ್ಲಿ ಆ ಪುಟ ಕರಗಿಹೋಗುತ್ತದೆ. ಅರ್ಧ ಗಂಟೆ ಎಡೆಬಿಡದೆ ಮಾಡುವ ಕೆಲಸಗಳಿಗೆ, ಉದಾಹರಣೆಗೆ ಕ್ಯಾಬ್ ಚಾಲಕರು ಸಿಲ್ಕ್ ಬೋರ್ಡ್ ಕಡೆಯ ದಟ್ಟಣೆಯಲ್ಲಿ ದಾರಿ ಹೇಳುವ ಧ್ವನಿಯನ್ನು ಕೇಳಿಕೊಂಡು ವಾಹನ ನಡೆಸುವಂಥ ಸಂದರ್ಭಕ್ಕೆ, ಇದು ಯೋಗ್ಯವಾದ ಅಳತೆ. ನಡುನಡುವೆ ತಡೆದು ಪ್ರಶ್ನೆ ಕೇಳಲಾಗದ ಕಡೆಗಳಲ್ಲಿ ದೇಹದ ಅಳತೆಗೆ ಸಮನಾದ ಬೇರೆ ದಾರಿಯಿಲ್ಲ. ಜೆನ್ನಿಫರ್ ಹೀಲಿ ಮತ್ತು ರೋಸಲಿಂಡ್ ಪಿಕಾರ್ಡ್ 2005ರಲ್ಲಿ ಪ್ರಕಟಿಸಿದ, ಬಾಸ್ಟನ್ ರಸ್ತೆಗಳಲ್ಲಿ ಚಾಲಕರನ್ನು ಅಳೆದ ಅಧ್ಯಯನದಲ್ಲಿ ಚಾಲಕರ ಒತ್ತಡಕ್ಕೆ ಹೆಚ್ಚು ಹೊಂದಿಬಂದದ್ದು ಚರ್ಮದ ವಾಹಕತೆ ಮತ್ತು ಹೃದಯ ಬಡಿತ.

ನಿಮ್ಮ ಬಳಕೆದಾರರು ಹಿರಿಯರಾದ್ದರಿಂದ ಇನ್ನೊಂದು ಎಚ್ಚರಿಕೆ. ರಕ್ತದೊತ್ತಡಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ಹೃದಯ ಗಾಬರಿಯಲ್ಲೂ ಅಷ್ಟಾಗಿ ಓಡುವುದಿಲ್ಲ. ಬಹುಕಾಲದ ಸಕ್ಕರೆ ಕಾಯಿಲೆ ಬೆವರನ್ನೂ ಬಡಿತವನ್ನೂ ನಿಯಂತ್ರಿಸುವ ನರಗಳನ್ನೇ ದುರ್ಬಲಗೊಳಿಸಬಹುದು. ಇಂಥವರ ಗೆರೆ ಸಮತಟ್ಟಾಗಿದ್ದರೆ ‘ಆ್ಯಪ್ ಸುಲಲಿತವಾಗಿದೆ’ ಎಂದು ವರದಿ ಬರೆಯುವುದು ಅನ್ಯಾಯ. ಕೈಗಡಿಯಾರಗಳು ತೋರಿಸುವ ‘ಒತ್ತಡದ ಅಂಕ’ವನ್ನಂತೂ ದಯವಿಟ್ಟು ಬಳಸಬೇಡಿ. ಹಸಿರು ಬೆಳಕು ಚೆಲ್ಲಿ ರಕ್ತದ ಹರಿವನ್ನು ಅಂದಾಜು ಮಾಡುವ ಆ ಸೆನ್ಸರ್ ಕೈ ಆಡಿದರೆ ತಪ್ಪುತ್ತದೆ, ಮತ್ತು ಅಂಕವನ್ನು ಲೆಕ್ಕ ಹಾಕುವ ಸೂತ್ರವನ್ನು ನೀವು ಪರಿಶೀಲಿಸುವಂತಿಲ್ಲ. ಮಣಿಕಟ್ಟಿನಲ್ಲಿ ಬೆವರು ಗ್ರಂಥಿಗಳ ದಟ್ಟಣೆಯೂ ಅಂಗೈಗಿಂತ ತುಂಬ ಕಡಿಮೆ. ಬೆರಳಿನಲ್ಲಿ ಸ್ಪಷ್ಟವಾಗಿ ಕಾಣುವ ಏರು ಕೈಪಟ್ಟಿಯಲ್ಲಿ ಕಾಣದೇ ಹೋಗಬಹುದು.

ಕಣ್ಣಿನ ಪಾಪೆಯ ಅಳತೆ ನನಗೆ ಅಚ್ಚುಮೆಚ್ಚಿನದು, ಏಕೆಂದರೆ ಯೋಚನೆಯ ಭಾರವನ್ನು ಅದು ಸೆಕೆಂಡು ಸೆಕೆಂಡಿಗೆ ತೋರಿಸುತ್ತದೆ. ಕಾನ್‌ಮನ್ ಮತ್ತು ಜಾಕ್ಸನ್ ಬೀಟಿ 1966ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಒಂದೊಂದೇ ಅಂಕಿಯನ್ನು ಕೇಳಿ ನೆನಪಿಟ್ಟುಕೊಳ್ಳುತ್ತಾ ಹೋದಂತೆ ಪಾಪೆ ಹಂತಹಂತವಾಗಿ ಹಿಗ್ಗಿತು, ಅಂಕಿಗಳನ್ನು ತಿರುಗಿ ಒಪ್ಪಿಸುತ್ತಾ ಹೋದಂತೆ ಕುಗ್ಗಿತು. ಆರು ಅಂಕಿಯ ಒಟಿಪಿಯನ್ನು ತಲೆಯಲ್ಲಿ ಹೊತ್ತುಕೊಂಡು ಒಂದು ಪರದೆಯಿಂದ ಇನ್ನೊಂದಕ್ಕೆ ಬರುವವರ ಕಣ್ಣಲ್ಲೂ ಇದೇ ನಡೆಯುತ್ತದೆ. ಮೇಲೆ ಹೇಳಿದ ಶಿಕ್ಷಕಿಯ ಬೆರಳು ಒಟಿಪಿ ಪುಟದಲ್ಲಿ ಬೆವರಲಿಲ್ಲ ಎಂದ ಮಾತ್ರಕ್ಕೆ ಅಲ್ಲಿ ಹೊರೆಯೇ ಇರಲಿಲ್ಲ ಎಂದಲ್ಲ: ಗಾಬರಿ ಇರಲಿಲ್ಲ, ನೆನಪಿನ ಶ್ರಮ ಇತ್ತು. ಒಂದು ಅಳತೆಗೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ. ತೊಂದರೆಯೆಂದರೆ ಪಾಪೆಯ ಮೊದಲ ಕೆಲಸ ಬೆಳಕಿಗೆ ಹೊಂದಿಕೊಳ್ಳುವುದು. ಬೆಳಕಿಗೆ ತಕ್ಕಂತೆ ಅದರ ವ್ಯಾಸ ಸುಮಾರು 2ರಿಂದ 8 ಮಿಲಿಮೀಟರ್‌ವರೆಗೆ ಬದಲಾಗುತ್ತದೆ. ಯೋಚನೆಯಿಂದ ಆಗುವ ಬದಲಾವಣೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರನ್ನೂ ದಾಟುವುದಿಲ್ಲ. ಬಿಳಿ ಹಿನ್ನೆಲೆಯ ಪುಟವನ್ನು ಕಪ್ಪು ಹಿನ್ನೆಲೆಯ ಪುಟದೊಂದಿಗೆ ಹೋಲಿಸಿದರೆ ನೀವು ಅಳೆಯುವುದು ಬಣ್ಣದ ವ್ಯತ್ಯಾಸವನ್ನು ಮಾತ್ರ. ಪೊರೆಯ ಶಸ್ತ್ರಚಿಕಿತ್ಸೆಯಾದವರು, ದಪ್ಪ ಕನ್ನಡಕದವರು ಇದ್ದಾಗ ಉಪಕರಣ ಕಣ್ಣನ್ನು ಹಿಡಿಯುವುದೇ ಕಷ್ಟ.

ನೋಟ ಎಲ್ಲಿ ನಿಂತಿತು ಎಂದು ಹೇಳುವ ಉಪಕರಣದ ಮಿತಿಯನ್ನೂ ಇದರ ಜೊತೆಗೇ ತಿಳಿದಿರಿ. 60 ಸೆಂಟಿಮೀಟರ್ ದೂರದಲ್ಲಿ ಒಂದು ಡಿಗ್ರಿಯ ತಪ್ಪು ಎಂದರೆ ಪರದೆಯ ಮೇಲೆ ಸುಮಾರು ಒಂದು ಸೆಂಟಿಮೀಟರ್. ಫೋನಿನಲ್ಲಿ ಅಷ್ಟು ಜಾಗದಲ್ಲಿ ಕನ್ನಡದ ಎರಡು ಸಾಲುಗಳೇ ಕೂರುತ್ತವೆ. ಯಾವ ಗುಂಡಿಯ ಸುತ್ತ ಕಣ್ಣು ಅಲೆಯಿತು ಎನ್ನಬಹುದು, ಯಾವ ಒತ್ತಕ್ಷರದಲ್ಲಿ ಎಡವಿತು ಎನ್ನಲಾಗದು.

ಮಿದುಳಿನ ಅಲೆಗಳ ಬಗ್ಗೆ ನೀವು ಕೇಳಿಲ್ಲವಾದರೂ ನಿಮ್ಮ ಮುಖ್ಯಸ್ಥರು ಮುಂದಿನ ಸಲ ಕೇಳುತ್ತಾರೆ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಆ ಅಲೆಗಳನ್ನು ದಾಖಲಿಸುವ ಇಇಜಿ ನಿಜವಾದ ವಿಜ್ಞಾನ, ಮನುಷ್ಯರಲ್ಲಿ ಅದನ್ನು ದಾಖಲಿಸಿ ಹಾನ್ಸ್ ಬರ್ಗರ್ ಪ್ರಕಟಿಸಿದ್ದು 1929ರಲ್ಲಿ. ಆದರೆ ರೆಪ್ಪೆ ಮಿಟುಕಿದರೂ ಹಲ್ಲು ಕಚ್ಚಿದರೂ ಮಿದುಳಿನ ಸಂಕೇತಕ್ಕಿಂತ ದೊಡ್ಡ ಸಂಕೇತ ಮೂಡುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿ ಹೆಣೆದ ಜಡೆಯ ಕೆಳಗೆ ಎಲೆಕ್ಟ್ರೋಡ್ ಸರಿಯಾಗಿ ಕೂರುವುದಿಲ್ಲ, ಮುಡಿದು ಬಂದ ಮಲ್ಲಿಗೆಯನ್ನು ತೆಗೆದಿಡಿ ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ನಿಮ್ಮ ಕೆಲಸಕ್ಕೆ ಅದು ಬೇಡ.

ಅಳೆಯುವ ದಿನದ ವಿಷಯಕ್ಕೆ ಬಂದರೆ, ಉಪಕರಣದ ಬೆಲೆಗಿಂತ ಈ ಸಣ್ಣ ಸಂಗತಿಗಳೇ ಫಲಿತಾಂಶವನ್ನು ಕೆಡಿಸುವುದು. ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿಳಿದು ಎರಡು ಮಹಡಿ ಹತ್ತಿ ಬಂದವರನ್ನು ಕೂಡಲೇ ಅಳೆಯಬೇಡಿ. ಎಲೆಕ್ಟ್ರೋಡ್ ಅಂಟಿಸಿದ ಮೇಲೂ 10-15 ನಿಮಿಷ ತಣ್ಣನೆಯ ಕೊಠಡಿಯಲ್ಲಿ ಹರಟುತ್ತಾ ಕೂರಲು ಬಿಡಿ, ಕೊನೆಯ ಕೆಲವು ನಿಮಿಷ ಮೌನವಾಗಿ ಕೂರಿಸಿ ಅವರ ತಳಮಟ್ಟವನ್ನು ದಾಖಲಿಸಿ. ಬಂದ ತಕ್ಷಣ ಫಿಲ್ಟರ್ ಕಾಫಿ ಕೊಡುವ ಪದ್ಧತಿಯನ್ನು ಪರೀಕ್ಷೆಯ ನಂತರಕ್ಕೆ ಮುಂದೂಡಿ, ಮುಂಚೆಯೇ ಕಾರಣ ತಿಳಿಸಿದರೆ ಯಾರೂ ಬೇಸರಿಸುವುದಿಲ್ಲ. ಬಳಸುತ್ತಲೇ ಅನ್ನಿಸಿದ್ದನ್ನು ಜೋರಾಗಿ ಹೇಳಿ ಎಂದು ಕೇಳುವ ವಿಧಾನವನ್ನು ಈ ಪರೀಕ್ಷೆಯಲ್ಲಿ ಬಿಡಬೇಕು, ಏಕೆಂದರೆ ಮಾತನಾಡುವುದೇ ಉಸಿರನ್ನೂ ಬಡಿತವನ್ನೂ ಬೆವರನ್ನೂ ಬದಲಿಸುತ್ತದೆ. ಮೊದಲ ಕೆಲಸದಲ್ಲಿ ಎಲ್ಲರ ಗೆರೆಯೂ ಎತ್ತರದಲ್ಲಿರುತ್ತದೆ, ಹೊಸ ಜಾಗದ ಹಿಂಜರಿಕೆ ಅದು. ಆದ್ದರಿಂದ ಲೆಕ್ಕಕ್ಕೆ ಹಿಡಿಯದ ಒಂದು ಅಭ್ಯಾಸದ ಕೆಲಸವನ್ನು ಮುಂದಿಟ್ಟು, ಉಳಿದವುಗಳ ಅನುಕ್ರಮವನ್ನು ಒಬ್ಬರಿಂದ ಒಬ್ಬರಿಗೆ ಬದಲಿಸಿ. ಕ್ಯಾಮೆರಾದ ಗಡಿಯಾರಕ್ಕೂ ಸೆನ್ಸರ್‌ನ ಗಡಿಯಾರಕ್ಕೂ ಎರಡು ಸೆಕೆಂಡು ಹೆಚ್ಚುಕಡಿಮೆಯಾದರೆ ಏರನ್ನು ಪಕ್ಕದ ಪುಟದ ತಲೆಗೆ ಕಟ್ಟುತ್ತೀರಿ. ಎರಡನ್ನೂ ಹೊಂದಿಸಲು, ಒತ್ತಿದ ಕ್ಷಣವನ್ನು ದಾಖಲೆಯಲ್ಲಿ ಗುರುತಿಸುವ ಸೆನ್ಸರ್‌ನ ಗುಂಡಿಯನ್ನು ಆರಂಭದಲ್ಲೂ ಕೊನೆಯಲ್ಲೂ ಕ್ಯಾಮೆರಾದ ಎದುರಿಗೇ ಒತ್ತಿ.

ಒಬ್ಬರ ತಳಮಟ್ಟ 3 ಮೈಕ್ರೋಸೀಮೆನ್ಸ್ ಇದ್ದರೆ ಇನ್ನೊಬ್ಬರದು 12 ಇರಬಹುದು, ಎರಡೂ ಸಹಜವೇ. ಆದ್ದರಿಂದ ಗೌರಮ್ಮನವರನ್ನು ರಾಮಣ್ಣನವರ ಜೊತೆ ಹೋಲಿಸುವಂತಿಲ್ಲ; ಗೌರಮ್ಮನವರ ಹಳೆಯ ಪುಟದ ಗೆರೆಯನ್ನು ಗೌರಮ್ಮನವರದೇ ಹೊಸ ಪುಟದ ಗೆರೆಯೊಂದಿಗೆ ಹೋಲಿಸಬೇಕು. ಐದಾರು ಜನರನ್ನು ಕೂರಿಸಿ ನೋಡಿದರೆ ಆ್ಯಪ್‌ನ ದೊಡ್ಡ ತಪ್ಪುಗಳು ಕಣ್ಣಿಗೆ ಬೀಳುತ್ತವೆ, ಆದರೆ ಅಷ್ಟೇ ಜನರ ಸರಾಸರಿ ತೆಗೆದು ‘ಒತ್ತಡ ಇಷ್ಟು ಪ್ರತಿಶತ ಇಳಿಯಿತು’ ಎಂಬ ಚಿತ್ರಪಟ ತೋರಿಸುವುದನ್ನು ನಾನು ಒಪ್ಪುವುದಿಲ್ಲ.

ಒಪ್ಪಿಗೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯ್ದೆಯನ್ನೂ ಮಾಡಿದೆ. ಬೆವರು, ಬಡಿತ ಮನುಷ್ಯ ತಾನಾಗಿ ಹೇಳಲು ಒಪ್ಪದ್ದನ್ನೂ ಹೊರಗೆಡಹುತ್ತವೆ, ಹಾಗಾಗಿ ಏನನ್ನು ಅಳೆಯುತ್ತೀರಿ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಯಾರು ನೋಡುತ್ತಾರೆ ಎಂಬುದನ್ನು ಸರಳ ಕನ್ನಡದಲ್ಲಿ ಬರೆದು, ಓದಿ ಹೇಳಿ, ಸಹಿ ಪಡೆಯಿರಿ. ನಡುವೆ ಯಾವಾಗ ಬೇಕಾದರೂ ತಂತಿ ಬಿಚ್ಚಿಸಿಕೊಂಡು ಹೋಗಬಹುದು ಎಂದು ಹೇಳಿ. ‘ನನ್ನ ಹಾರ್ಟು ಸರಿಯಾಗಿದೆಯೇನಮ್ಮ?’ ಎಂದು ಹಿರಿಯರು ಕೇಳಿಯೇ ಕೇಳುತ್ತಾರೆ. ಇದು ವೈದ್ಯಕೀಯ ತಪಾಸಣೆಯಲ್ಲ, ನಾನು ವೈದ್ಯಳಲ್ಲ ಎಂಬ ಉತ್ತರ ಸಿದ್ಧವಿರಲಿ, ಮತ್ತು ಬಡಿತದಲ್ಲಿ ಏನಾದರೂ ವಿಚಿತ್ರ ಕಂಡರೆ ಯಾರು, ಹೇಗೆ ತಿಳಿಸಬೇಕೆಂಬುದನ್ನು ಮೊದಲ ದಿನಕ್ಕೂ ಮುಂಚೆ ಗೊತ್ತುಮಾಡಿಕೊಂಡಿರಿ.

ಕೊಳ್ಳುವ ವಿಷಯ. ಮೊದಲ ಹಂತದಲ್ಲಿ ಏನನ್ನೂ ಕೊಳ್ಳಬೇಡಿ. ಪರದೆಯನ್ನೂ ಕೈಯನ್ನೂ ಒಟ್ಟಿಗೆ ಹಿಡಿಯುವ ವೀಡಿಯೋ ಮಾಡಿ, ಬಳಕೆ ಮುಗಿದ ಕೂಡಲೇ ಅದನ್ನು ಅವರೊಂದಿಗೆ ಕುಳಿತು ನೋಡಿ, ಬೆರಳು ನಿಂತ ಜಾಗಗಳಲ್ಲಿ ಕೇಳಿ. ನಿಮ್ಮ ಸಮಸ್ಯೆಗಳಲ್ಲಿ ಬಹುಪಾಲು ಇಷ್ಟಕ್ಕೇ ಹೊರಬರುತ್ತದೆ ಎಂಬ ಭರವಸೆ ನನಗಿದೆ. ಅವನ್ನು ತಿದ್ದಿದ ಮೇಲೂ ಜನ ಹಣ ಕಟ್ಟುವ ಪುಟದವರೆಗೆ ಬಂದು ಕಾರಣ ಹೇಳದೆ ಬಿಟ್ಟುಹೋಗುತ್ತಿದ್ದರೆ, ಆಗ ಬೆರಳಿಗೆ ಅಂಟಿಸುವ ಚರ್ಮ ವಾಹಕತೆಯ ಸೆನ್ಸರ್ ಒಂದನ್ನು ತನ್ನಿ, ಕೈಪಟ್ಟಿಯನ್ನಲ್ಲ. ಕಚ್ಚಾ ದತ್ತಾಂಶವನ್ನು ನಿಮ್ಮ ಕೈಗೆ ಕೊಡುವ ಉಪಕರಣವೇ ಆಗಿರಲಿ. ಮನಶ್ಶಾಸ್ತ್ರ ಅಥವಾ ಬಯೋಮೆಡಿಕಲ್ ವಿಭಾಗವಿರುವ ಕಾಲೇಜೊಂದರ ಜೊತೆಗೂಡಿ ಮಾಡಿದರೆ ಕೊಳ್ಳುವ ಅಗತ್ಯವೇ ಬಾರದಿರಬಹುದು, ಗೆರೆ ಓದುವುದನ್ನು ಕಲಿಸುವವರೂ ಅಲ್ಲಿ ಸಿಗುತ್ತಾರೆ. ಅಷ್ಟರೊಳಗೆ ನಿಮ್ಮ ಆ್ಯಪ್‌ನಲ್ಲೂ ‘ಪ್ರಕ್ರಿಯೆಯಲ್ಲಿದೆ’ ಎಂಬ ಪುಟವಿದ್ದರೆ, ಹಣ ಇನ್ನೂ ಹೋಗಿಲ್ಲ ಅಥವಾ ಹೋಗಿದೆ, ಮತ್ತೆ ಒತ್ತಬೇಡಿ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಅಲ್ಲಿ ಬರೆಯಿರಿ.